ಬೆನ್ನಿನ ಆಪರೇಶನ್: ತಯಾರಿ ಮನೆಯಿಂದಲೇ ಶುರು

ನಿಲಕ್ಕೋಟ್ಟೈ: ಮಲ್ಲಿಗೆ ಮೊಗ್ಗು ಬಿಸಿಲೇರುವ ಮುನ್ನ ಗಿಡದಿಂದ ಇಳಿಯಬೇಕು. ಹೊತ್ತಾದರೆ ಮೊಗ್ಗು ಬಿರಿಯುತ್ತದೆ, ಪೇಟೆಯಲ್ಲಿ ದರ ಬೀಳುತ್ತದೆ. ಹಾಗಾಗಿ ದಿಂಡಿಗಲ್ ಜಿಲ್ಲೆಯ ಈ ಹೂವಿನ ಸೀಮೆಯಲ್ಲಿ ನಸುಕಿನಲ್ಲೇ ತೋಟಕ್ಕಿಳಿಯುವ ಹೆಣ್ಮಕ್ಕಳು ಗಂಟೆಗಟ್ಟಲೆ ಬಗ್ಗಿಯೇ ಇರುತ್ತಾರೆ. ಗಿಡ ಸೊಂಟದೆತ್ತರ. ನೆಟ್ಟಗೆ ನಿಂತು ಕೀಳಲು ಬಾರದು, ಕೂತು ಕೀಳಲೂ ಬಾರದು.

‘ಮಧುರೈ ಮಲ್ಲಿ’ಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಹೂವಿನ ಹೆಸರು ದೂರ ಹೋಯಿತು. ಅದನ್ನು ಕೀಳುವವರ ಸೊಂಟನೋವು ಮಾತ್ರ ಮನೆಯಲ್ಲೇ ಉಳಿಯಿತು. ‘ಕೆಲಸ ಮಾಡಿದ ಮೈ, ನೋವು ಇದ್ದದ್ದೇ’ ಎಂದು ವರ್ಷಗಟ್ಟಲೆ ಗುಳಿಗೆ ನುಂಗಿ ದಿನ ತಳ್ಳುತ್ತಾರೆ. ಕಾಲು ಜೋಮು ಹಿಡಿದು ನಡೆಯಲಾಗದೆ ದವಾಖಾನೆಗೆ ಹೋದಾಗ ‘ಆಪರೇಶನ್ ಮಾಡಬೇಕಾಗಬಹುದು’ ಎಂಬ ಮಾತು ಬರುತ್ತದೆ. ಅಲ್ಲಿಂದ ಮನೆಯಲ್ಲಿ ಎರಡು ಪಕ್ಷ. ‘ಬೆನ್ನಿಗೆ ಕತ್ತಿ ಹಾಕಿದರೆ ಹಾಸಿಗೆ ಹಿಡಿಯೋದೇ’ ಎನ್ನುವವರು ಒಂದು ಕಡೆ, ‘ನಾಳೆನೇ ಮಾಡಿಸಿ ಮುಗಿಸಿಬಿಡಿ’ ಎನ್ನುವವರು ಇನ್ನೊಂದು ಕಡೆ.

ಎರಡೂ ಪೂರ್ತಿ ಸರಿಯಲ್ಲ. ತುರ್ತು ಲಕ್ಷಣ ಇಲ್ಲದಿದ್ದರೆ ಯೋಚಿಸಲು, ತಯಾರಾಗಲು ಸಮಯ ಇರುತ್ತದೆ. ಆ ಸಮಯವನ್ನು ಹೇಗೆ ಬಳಸಿಕೊಂಡರು ಎನ್ನುವುದರ ಮೇಲೆ ಆಪರೇಶನ್‌ನ ಫಲ ಬಹಳಷ್ಟು ನಿಂತಿದೆ.

ನೋವಿಗೆ ಯಾವ ಭಾಷೆ?

ನಿಲಕ್ಕೋಟ್ಟೈಯಿಂದ ಪಶ್ಚಿಮಕ್ಕೆ ತೇನಿ, ಕಂಬಂ ಕಣಿವೆಯವರೆಗೆ ಮನೆಯಲ್ಲಿ ಕನ್ನಡ ಆಡುವ ಒಕ್ಕಲು ಕುಟುಂಬಗಳು ತಲೆಮಾರುಗಳಿಂದ ಇವೆ. ಕಪ್ಪಿಲಿಯರು, ಅನುಪ್ಪರು ಕನ್ನಡ ಮಾತಿನವರೆಂದು ಬ್ರಿಟಿಷರ ಕಾಲದ ದಾಖಲೆಗಳಲ್ಲೇ ಇದೆ. ಅಡುಗೆಮನೆಯಲ್ಲಿ ಕನ್ನಡ, ಶಾಲೆ ಪೇಟೆಯಲ್ಲಿ ತಮಿಳು. ಆಸ್ಪತ್ರೆಯಲ್ಲಿ ಕೇಳುವ ಪ್ರಶ್ನೆ ತಮಿಳಿನಲ್ಲಿ, ಸಹಿ ಹಾಕುವ ಕಾಗದ ಹೆಚ್ಚಾಗಿ ಇಂಗ್ಲಿಷಿನಲ್ಲಿ.

ದಿನದ ವ್ಯವಹಾರಕ್ಕೆ ಇದು ತೊಡಕಲ್ಲ. ನೋವನ್ನು ಹೇಳುವಾಗ ಮಾತ್ರ ತೊಡಕು. ವಯಸ್ಸಾದ ಹೆಣ್ಮಕ್ಕಳಿಗೆ ಸೆಳೆತ, ಉರಿ, ಜೋಮು, ಹಿಡಿತ, ಚುಚ್ಚು ಬೇರೆ ಬೇರೆ. ಜೊತೆಗೆ ಹೋದ ಮಗ ಎಲ್ಲವನ್ನೂ ಸೇರಿಸಿ ‘ಇಡುಪ್ಪು ವಲಿ’, ಅಂದರೆ ಸೊಂಟನೋವು, ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ವೈದ್ಯರಿಗೆ ಬೇಕಾದದ್ದು ಆ ವ್ಯತ್ಯಾಸವೇ. ಸೊಂಟದಿಂದ ಪೃಷ್ಠದ ಮೂಲಕ ಕಾಲಿನ ಬೆರಳವರೆಗೆ ಇಳಿಯುವ ಸೆಳೆತ ನರ ಒತ್ತಿದ್ದನ್ನು ಸೂಚಿಸಬಹುದು. ಸೊಂಟದಲ್ಲೇ ನಿಂತಿರುವ ಹಿಡಿತ ಬೇರೆ ಕಥೆ. ಕನ್ನಡದ ‘ಮರಗಟ್ಟಿದೆ’ ತಮಿಳಿನ ‘ಮರತ್ತುಪ್ಪೋಚ್ಚು’ಗೆ ಹತ್ತಿರ; ‘ಉರಿ’ ಅಂದರೆ ‘ಎರಿಚ್ಚಲ್’. ಹೋಗುವ ಮುನ್ನ ಮನೆಯಲ್ಲೇ ಇವನ್ನು ಕೂತು ಬರೆದುಕೊಂಡರೆ ಒಳ್ಳೆಯದು. ಸಾಂಗಲಿ, ಸೊಲ್ಲಾಪುರದ ಆಸ್ಪತ್ರೆಗಳಲ್ಲಿ ಮರಾಠಿ, ಕಾಸರಗೋಡಿನಲ್ಲಿ ಮಲಯಾಳ ಎದುರಿಸುವ ಗಡಿ ಕನ್ನಡಿಗರಿಗೂ ಇದೇ ಮಾತು.

ಯಾವ ನೋವಿಗೆ ಆಪರೇಶನ್?

ಬೆನ್ನುಮೂಳೆಗಳ ನಡುವೆ ಮೆತ್ತೆಯಂಥ ಡಿಸ್ಕ್ ಇರುತ್ತದೆ. ಅದು ಹರಿದು ಒಳಗಿನದು ಹೊರಚಾಚಿ ನರವನ್ನು ಒತ್ತಿದರೆ ಕಾಲಿಗೆ ನೋವು ಇಳಿಯುತ್ತದೆ. ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು 1934ರಲ್ಲಿ ಇದನ್ನು ಸ್ಪಷ್ಟವಾಗಿ ಬರೆದ ಮೇಲೆಯೇ ಡಿಸ್ಕ್ ಆಪರೇಶನ್ ವ್ಯಾಪಕವಾಯಿತು. ಬಗ್ಗಿದಾಗ ಡಿಸ್ಕ್ ಮೇಲಿನ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚು ಎಂದು ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಅಳೆದು ತೋರಿಸಿದರು. ಬಗ್ಗಿ ಭಾರ ಎತ್ತಿದರೆ ಇನ್ನೂ ಹೆಚ್ಚು.

ಒತ್ತಿದ ನರವನ್ನು ಬಿಡಿಸುವ ಆಪರೇಶನ್ ಕಾಲಿಗಿಳಿಯುವ ನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಸೊಂಟದಲ್ಲೇ ಇರುವ ಹಳೇ ನೋವಿಗೆ ಅಷ್ಟು ಖಾತ್ರಿ ಇಲ್ಲ. ಇದನ್ನು ಮೊದಲೇ ತಿಳಿಯದೆ ಹೋದವರು ‘ಆಪರೇಶನ್ ಆದರೂ ನೋವು ಹೋಗಲಿಲ್ಲ’ ಎಂದು ನಿರಾಶರಾಗುತ್ತಾರೆ. ‘ಇದರಿಂದ ನನ್ನ ಯಾವ ನೋವು ಕಡಿಮೆ ಆಗ್ತದೆ, ಯಾವುದು ಉಳೀತದೆ?’ ಇದೇ ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ.

ಎಂಆರ್‌ಐ ಕಾಗದ ಒಂದನ್ನೇ ನೋಡಿ ಹೆದರಬೇಕಾಗಿಲ್ಲ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರ ಸ್ಕ್ಯಾನ್ ಮಾಡಿದಾಗ 100ಕ್ಕೆ 52 ಮಂದಿಯ ಡಿಸ್ಕ್ ಉಬ್ಬಿತ್ತು. ಸ್ಕ್ಯಾನ್, ಕಾಲಿನ ಶಕ್ತಿ, ರೋಗಿ ಹೇಳುವ ನೋವು ಮೂರೂ ಒಂದಕ್ಕೊಂದು ತಾಳೆಯಾಗಬೇಕು.

ಕಾಯುವುದರಿಂದ ಕೆಟ್ಟೇ ಹೋಗುತ್ತದೆ ಎಂಬುದೂ ನಿಜವಲ್ಲ. ನೆದರ್ಲೆಂಡ್ಸ್‌ನಲ್ಲಿ ಕಾಲಿಗಿಳಿವ ತೀವ್ರ ನೋವಿದ್ದ 283 ಜನರ ಮೇಲೆ ನಡೆದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಬೇಗ ಆಪರೇಶನ್ ಆದವರ ನೋವು ಬೇಗ ಇಳಿಯಿತು. ಆದರೆ ಒಂದು ವರ್ಷದ ಹೊತ್ತಿಗೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿದ್ದವು. ಕಾದು ನೋಡಿದ ಗುಂಪಿನಲ್ಲಿ 100ಕ್ಕೆ 39 ಮಂದಿ ಕೊನೆಗೆ ಆಪರೇಶನ್ ಮಾಡಿಸಿಕೊಂಡಿದ್ದರು. ಉಳಿದವರಿಗೆ ಅದರ ಅಗತ್ಯವೇ ಬೀಳಲಿಲ್ಲ.

ಇವಕ್ಕೆ ಕಾಯಬಾರದು

ಕೆಲವು ಲಕ್ಷಣಗಳಿಗೆ ಒಂದು ದಿನವೂ ಕಾಯಬಾರದು. ಮೂತ್ರ ಕಟ್ಟುವುದು ಅಥವಾ ಗೊತ್ತಾಗದೆ ಹೋಗುವುದು, ಮಲದ ಹಿಡಿತ ತಪ್ಪುವುದು, ತೊಡೆ ಸಂದಿ ಹಾಗೂ ಕೂರುವ ಜಾಗ ಮರಗಟ್ಟುವುದು, ಎರಡೂ ಕಾಲು ಸೋಲುವುದು, ಪಾದ ಮೇಲೆತ್ತಲು ಬಾರದಿರುವುದು. ಇವು ಕಂಡರೆ ಎಣ್ಣೆ ತಿಕ್ಕಿಸಲು, ನರ ಎಳೆಸಲು ಹೋಗದೆ 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆ ಸೇರಬೇಕು. ಹಳೇ ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಕೆ ಇದ್ದರೂ ತಡ ಮಾಡಬಾರದು. ಬೆನ್ನುಮೂಳೆಗೆ ಕ್ಷಯ ತಗಲುವುದು ನಮ್ಮ ದೇಶದಲ್ಲಿ ಅಪರೂಪವಲ್ಲ.

ಗುಳಿಗೆಯ ಲೆಕ್ಕ ಒಪ್ಪಿಸಿ

ಮೂರು ತಿಂಗಳು ದಾಟಿದ ನೋವನ್ನು ವೈದ್ಯಕೀಯದಲ್ಲಿ ದೀರ್ಘಕಾಲದ ನೋವು ಎಂದೇ ಕರೆಯುತ್ತಾರೆ. ಅಂಥವರ ಮನೆಯಲ್ಲಿ ಗುಳಿಗೆ ಡಬ್ಬಿ ಸಣ್ಣದಿರುವುದಿಲ್ಲ. ಮೆಡಿಕಲ್ ಶಾಪಿನಿಂದ ತಂದ ನೋವಿನ ಗುಳಿಗೆ, ಯಾರೋ ಕೊಟ್ಟ ನಾಟಿ ಪುಡಿ, ಬಿಪಿ–ಸಕ್ಕರೆ ಮಾತ್ರೆ, ಹೃದಯದವರಿಗೆ ರಕ್ತ ತೆಳುವಾಗಿಸುವ ಮಾತ್ರೆ. ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ವೈದ್ಯರ ಮೇಜಿನ ಮೇಲೆ ಸುರಿಯುವುದೇ ಸುಲಭದ ದಾರಿ.

ರಕ್ತ ತೆಳುವಾಗಿಸುವ ಮಾತ್ರೆ ಆಪರೇಶನ್‌ನಲ್ಲಿ ರಕ್ತಸ್ರಾವ ಹೆಚ್ಚಿಸಬಹುದು. ಹಾಗೆಂದು ತಾವೇ ನಿಲ್ಲಿಸಿದರೆ ಹೃದಯಕ್ಕೆ ಅಪಾಯ. ನಿಲ್ಲಿಸುವ ದಿನವನ್ನು ವೈದ್ಯರೇ ಹೇಳಬೇಕು. ನೋವಿನ ಗುಳಿಗೆ ಬಹಳ ಕಾಲ ನುಂಗಿದವರ ಮೂತ್ರಪಿಂಡ, ಹೊಟ್ಟೆಗೆ ಪೆಟ್ಟು ಬಿದ್ದಿರಬಹುದು. ಟ್ರಮಡಾಲ್‌ನಂಥ ಬಲವಾದ ಔಷಧಿಯನ್ನು ಕೇಂದ್ರ ಸರಕಾರ 2018ರಲ್ಲಿ ಮಾದಕವಸ್ತು ನಿಯಂತ್ರಣ ಕಾಯ್ದೆಯಡಿ ತಂದಿದೆ. ಇದನ್ನು ದಿನಾ ತೆಗೆದುಕೊಂಡವರಿಗೆ ಆಪರೇಶನ್ ನಂತರದ ನೋವು ತಗ್ಗಿಸುವುದು ಕಷ್ಟವಾಗುತ್ತದೆ. ಬೈತಾರೆಂದು ಹೆದರಿ ಮುಚ್ಚಿಟ್ಟರೆ ನಷ್ಟ ರೋಗಿಗೇ. ಅರಿವಳಿಕೆ ವೈದ್ಯರಿಗೆ ಗೊತ್ತಿದ್ದರೆ ಮೊದಲೇ ಬೇರೆ ಏರ್ಪಾಟು ಮಾಡುತ್ತಾರೆ.

ಬೀಡಿ, ಹೊಗೆಸೊಪ್ಪಿನ ಮಾತೂ ಬರುತ್ತದೆ. ನಿಕೋಟಿನ್ ಮೂಳೆ ಕೂಡಿಕೊಳ್ಳುವುದನ್ನು ತಡೆಯುತ್ತದೆ. ಸ್ಕ್ರೂ ಹಾಕಿ ಮೂಳೆ ಬೆಸೆಯುವ ಆಪರೇಶನ್ ಇದ್ದವರು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು, ಗಾಯ ಮಾಯುವವರೆಗೂ ಮುಟ್ಟಬಾರದು. ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕು, ಇಲ್ಲದಿದ್ದರೆ ಗಾಯ ಕೀವಾಗುವ ಭಯ. ಹೆಣ್ಮಕ್ಕಳಲ್ಲಿ ರಕ್ತ ಕಡಿಮೆ ಇರುವುದು ಸಾಮಾನ್ಯ. ಅದನ್ನೂ ಮೊದಲೇ ಸರಿಪಡಿಸಿಕೊಳ್ಳಬೇಕು. ಹುಳುಕು ಹಲ್ಲು, ಬೆನ್ನಿನ ಮೇಲಿನ ಕುರು ಸಣ್ಣದೆನಿಸಿದರೂ ಹೇಳಲೇಬೇಕು.

ನೋವಿದ್ದರೂ ಹಾಸಿಗೆಯಲ್ಲೇ ಇರುವುದು ಬೇಡ. ಮಲಗಿದಷ್ಟೂ ಸ್ನಾಯು ಸೊರಗುತ್ತವೆ. ತಡೆಯುವಷ್ಟು ನಡಿಗೆ, ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ನಡೆಸಿಕೊಂಡು ಹೋದವರಿಗೆ ಆಪರೇಶನ್ ಆದ ಮೇಲೆ ಎದ್ದು ಓಡಾಡುವುದು ಹಗುರ.

ದುಡ್ಡಿನ ದಾರಿ, ದಿನದ ಲೆಕ್ಕ

ನಿಲಕ್ಕೋಟ್ಟೈ ಭಾಗದವರಿಗೆ ಮಧುರೈಯ ಸರಕಾರಿ ರಾಜಾಜಿ ಆಸ್ಪತ್ರೆ, ತೇನಿ ಮತ್ತು ದಿಂಡಿಗಲ್‌ನ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ಹತ್ತಿರದವು. ದಿಂಡಿಗಲ್ ಕಾಲೇಜು 2022ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಬೆನ್ನುಮೂಳೆ ಚಿಕಿತ್ಸೆಗೆ ಹೆಸರಾದ ಕೊಯಮತ್ತೂರಿನ ಗಂಗಾ ಆಸ್ಪತ್ರೆಯವರೆಗೆ ಹೋಗುವವರೂ ಇದ್ದಾರೆ.

ತಮಿಳುನಾಡಿನ ಮುಖ್ಯಮಂತ್ರಿ ಸಮಗ್ರ ಆರೋಗ್ಯ ವಿಮೆ 2012ರಿಂದ ನಡೆದಿದೆ. ಈಗ ಕೇಂದ್ರದ ಆಯುಷ್ಮಾನ್ ಯೋಜನೆಯ ಜೊತೆ ಸೇರಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ತಮಗೆ ಹೇಳಿದ ಆಪರೇಶನ್ ಆ ಆಸ್ಪತ್ರೆಯಲ್ಲಿ ಯೋಜನೆಯಡಿ ಆಗುತ್ತದೆಯೇ, ಸ್ಕ್ಯಾನ್, ಸ್ಕ್ರೂ ಖರ್ಚು ಅದರೊಳಗೇ ಬರುತ್ತದೆಯೇ ಎಂದು ಸೇರುವ ಮುನ್ನವೇ ವಿಮೆ ಕೌಂಟರಿನಲ್ಲಿ ಕೇಳಬೇಕು. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಇದ್ದರೆ ಅದನ್ನು ಈಗಲೇ ತಿದ್ದಿಸಿಕೊಳ್ಳುವುದು ಜಾಣತನ.

ಯೋಜನೆಯ ಕಾಗದದಲ್ಲಿ ಕಾಣದ ಖರ್ಚೂ ಇದೆ. ರೋಗಿಯ ಕೂಲಿ ಹೋಗುತ್ತದೆ, ಜೊತೆ ಕೂತವರ ಕೂಲಿಯೂ ಹೋಗುತ್ತದೆ. ಮಲ್ಲಿಗೆ ಇಳುವರಿ ಡಿಸೆಂಬರ್–ಜನವರಿಯ ಚಳಿಯಲ್ಲಿ ಕಡಿಮೆ, ಬೇಸಿಗೆಯಲ್ಲಿ ಹೆಚ್ಚು. ತುರ್ತಿಲ್ಲ ಎಂದು ವೈದ್ಯರು ಹೇಳಿದರೆ ದಿನವನ್ನು ಕೆಲಸ ಕಡಿಮೆ ಇರುವ ತಿಂಗಳಿಗೆ ಹೊಂದಿಸಿಕೊಳ್ಳಲು ಬರುತ್ತದೆ.

ಮನೆಯೂ ತಯಾರಾಗಬೇಕು

ನೆಲದ ಮೇಲೆ ಹಾಸಿ ಮಲಗುವ, ಕುಕ್ಕರಗಾಲಲ್ಲಿ ಕೂತು ಅಡುಗೆ ಮಾಡುವ ಮನೆಗೆ ಆಪರೇಶನ್ ಆದವರು ಬಂದರೆ ಮೊದಲ ದಿನವೇ ಫಜೀತಿ. ಮಂಚ, ಕೈಹಿಡಿಯಿರುವ ಕುರ್ಚಿ, ಪಾಯಿಖಾನೆಗೆ ಕಮೋಡ್ ಕುರ್ಚಿ ಮೊದಲೇ ಬೇಕು. ಅಕ್ಕಿ ಡಬ್ಬಿ, ಕೊಡ, ಪಾತ್ರೆ ಸೊಂಟದೆತ್ತರಕ್ಕೆ ಬರಬೇಕು. ಮಗ್ಗುಲಾಗಿ ಹೊರಳಿ, ಕಾಲು ಕೆಳಗಿಳಿಸಿ, ಕೈ ಊರಿ ಏಳುವುದನ್ನು ಆಪರೇಶನ್‌ಗೆ ಮೊದಲೇ ರೂಢಿ ಮಾಡಿಕೊಂಡರೆ ನಂತರ ತಡವರಿಕೆ ಇಲ್ಲ.

ಹಿಂದಿನ ರಾತ್ರಿ ಏನು ತಿನ್ನಬೇಕು, ಯಾವ ಮಾತ್ರೆ ನುಂಗಬೇಕು ಎಂಬುದನ್ನು ಅರಿವಳಿಕೆ ವೈದ್ಯರು ಹೇಳುತ್ತಾರೆ. ಸಾಮಾನ್ಯವಾಗಿ ಗಟ್ಟಿ ಆಹಾರ ಕನಿಷ್ಠ ಆರು ಗಂಟೆ ಮೊದಲು ನಿಲ್ಲಬೇಕು. ‘ಒಂದು ಇಡ್ಲಿ ತಿಂದರೆ ಏನಾಗ್ತದೆ’ ಎಂಬ ಪ್ರೀತಿ ಇಲ್ಲಿ ಬೇಡ. ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕ್ಕೆ ಹೋದರೆ ಜೀವಕ್ಕೇ ಕುತ್ತು.

ಡಿಸ್ಕ್ ತುಣುಕು ತೆಗೆಯುವ ಆಪರೇಶನ್ ಆದವರನ್ನು ಹೆಚ್ಚಾಗಿ ಅದೇ ದಿನ ಅಥವಾ ಮಾರನೇ ದಿನ ನಡೆಸುತ್ತಾರೆ. ನಡೆದರೆಂದು ತೋಟಕ್ಕೆ ಹೋಗಬಹುದು ಎಂದಲ್ಲ. ಬಗ್ಗುವುದು, ಭಾರ ಎತ್ತುವುದು, ಸೊಂಟ ತಿರುಚುವುದು ವಾರಗಟ್ಟಲೆ ನಿಷಿದ್ಧ. ಮೂಳೆ ಬೆಸೆದವರಿಗೆ ಅದು ತಿಂಗಳುಗಳ ಮಾತು. ಗಾಯದಿಂದ ನೀರು ಸೋರಿದರೆ, ಜ್ವರ ಬಂದರೆ, ಮೀನಖಂಡ ಊದಿ ನೋವಾದರೆ, ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮನೆಮಂದಿ ಮರೆಯಬಾರದ ಇನ್ನೊಂದು ಮಾತಿದೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತಿದ್ದಿದ ವ್ಯಾಖ್ಯೆಯ ಜೊತೆ, ನೋವಿದೆ ಎಂದವರ ಮಾತನ್ನು ಗೌರವಿಸಬೇಕು ಎಂದೂ ಸೇರಿಸಿದೆ. ವರ್ಷಗಟ್ಟಲೆ ‘ಕೆಲಸಕ್ಕೆ ಕಳ್ಳ ಬೀಳ್ತಾಳೆ’ ಎಂದು ಕೇಳಿಸಿಕೊಂಡವರು ನಿದ್ದೆ, ಧೈರ್ಯ ಎರಡನ್ನೂ ಕಳೆದುಕೊಂಡಿರುತ್ತಾರೆ. ಭಯ, ಖಿನ್ನತೆ ಇದ್ದವರಲ್ಲಿ ಚೇತರಿಕೆ ನಿಧಾನ. ಅದನ್ನೂ ವೈದ್ಯರಿಗೆ ಹೇಳಿ ಚಿಕಿತ್ಸೆ ಪಡೆಯಬಹುದು, ನಾಚಿಕೆಯ ವಿಷಯವಲ್ಲ.

ಆಪರೇಶನ್ ಬೇಡ ಎಂದು ತೀರ್ಮಾನವಾದರೂ ಚಿಕಿತ್ಸೆ ಮುಗಿಯಿತು ಎಂದಲ್ಲ. ತಮಿಳುನಾಡು ಸರಕಾರ 2021ರ ಆಗಸ್ಟ್‌ನಲ್ಲಿ ಶುರು ಮಾಡಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಬಿಪಿ–ಸಕ್ಕರೆ ಮಾತ್ರೆಯ ಜೊತೆ ಫಿಸಿಯೋಥೆರಪಿಯನ್ನೂ ಮನೆಬಾಗಿಲಿಗೆ ತರುವ ಏರ್ಪಾಟಿದೆ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಹೆಸರು ಬರೆಸಬಹುದು. ದವಾಖಾನೆಗೆ ಹೋಗುವಾಗ ಮನೆಯವರಲ್ಲಿ ತಮಿಳು ಚೆನ್ನಾಗಿ ಬಲ್ಲ, ರೋಗಿಯ ಕನ್ನಡವನ್ನೂ ತಾಳ್ಮೆಯಿಂದ ಕೇಳುವ ಒಬ್ಬರು ಪ್ರತಿ ಸಲವೂ ಜೊತೆಗಿರಲಿ. ಕಾಗದಕ್ಕೆ ಸಹಿ ಹಾಕುವ ಮುನ್ನ ಅದರಲ್ಲಿ ಏನಿದೆ ಎಂದು ಅವರು ಕನ್ನಡದಲ್ಲಿ ಹೇಳಲಿ, ರೋಗಿ ಅದನ್ನು ತಿರುಗಿ ಹೇಳಿ ತೋರಿಸಲಿ. ಸಹಿ ಆಮೇಲೆ.