ನಿದಾನವಿಲ್ಲದ ಔಷಧ

ಆಲಮಟ್ಟಿಯ ನೀರು ನಿಂತ ಬಳಿಕ ಬಾಗಲಕೋಟೆಯ ಸೀಮೆಯಲ್ಲಿ ಮೀನಿನ ಸಾಕಣೆ ಅಪರೂಪದ ಉದ್ಯೋಗವಾಗಿ ಉಳಿದಿಲ್ಲ. 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟ ಆ ಜಲಾಶಯವು ನಮ್ಮ ಹೊಲಮನೆಗಳನ್ನೂ ಹಳೆಯ ಪೇಟೆಯ ಬಹುಭಾಗವನ್ನೂ ನುಂಗಿತು. ಬದಲಿಗೆ ಹಿನ್ನೀರನ್ನು ಕೊಟ್ಟಿತು. ಆ ನೀರಿನಲ್ಲಿಯೂ ಕೆರೆಹೊಂಡಗಳಲ್ಲಿಯೂ ಕಾಟ್ಲಾ, ರೋಹು, ಮೃಗಾಲ ಮೀನುಗಳನ್ನು ಬೆಳೆಸಿ ಬದುಕುವ ಕುಟುಂಬಗಳಿವೆ. ಮೀನಿನ ಮೈಮೇಲೆ ಹುಣ್ಣು ಕಂಡಾಗ ಕೆರೆಯ ಒಡೆಯನು ಮೊದಲು ಓಡುವುದು ಔಷಧದ ಅಂಗಡಿಗೆ. ಇಳಕಲ್ಲಿನಲ್ಲಿ ಕುಣಿಮಗ್ಗದ ಮುಂದೆ ದಿನವಿಡೀ ಕುಳಿತು ಸೀರೆ ನೇಯುವವನೂ ಮೊಣಕಾಲು ಹಿಡಿದುಕೊಂಡಾಗ ಅದೇ ಅಂಗಡಿಗೆ ಹೋಗುತ್ತಾನೆ. ಇಬ್ಬರಿಗೂ ಔಷಧ ದೊರೆಯುತ್ತದೆ. ರೋಗ ಯಾವುದೆಂದು ಇಬ್ಬರಿಗೂ ಯಾರೂ ಹೇಳುವುದಿಲ್ಲ.

ಮೀನಿನ ಸಂಗತಿಯನ್ನು ಮೊದಲು ನೋಡುವ. 1988ರಲ್ಲಿ ನಮ್ಮ ದೇಶದ ಈಶಾನ್ಯ ಪ್ರಾಂತಗಳಲ್ಲಿ ಹುಣ್ಣಿನ ರೋಗವೊಂದು ಕಾಣಿಸಿಕೊಂಡು ಕೆರೆಯಿಂದ ಕೆರೆಗೆ ಹಬ್ಬಿತು. ಹೆದರಿದ ಜನರು ಮೀನು ಕೊಳ್ಳುವುದನ್ನೇ ಬಿಟ್ಟರು. ಬೆಸ್ತರ ಕೈಗೆ ಕಾಸು ಬಾರದಾಯಿತು. ಕಾರಣವು ವೈರಾಣುವೋ ಬ್ಯಾಕ್ಟೀರಿಯವೋ ಎಂದು ಪಂಡಿತರು ವರುಷಗಟ್ಟಲೆ ವಾದಿಸಿದರು. ಕೊನೆಗೆ ಅಫನೋಮೈಸಿಸ್ ಎಂಬ ಬೂಷ್ಟಿನಂತಹ ಜೀವಿಯೇ ಮೂಲವೆಂದೂ, ಹುಣ್ಣಿನಲ್ಲಿ ಕಾಣುವ ಬ್ಯಾಕ್ಟೀರಿಯಗಳು ಬೆನ್ನುಹತ್ತಿ ಬಂದವುಗಳೆಂದೂ ತಿಳಿಯಿತು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮತ್ಸ್ಯಸಂಶೋಧನಾ ಸಂಸ್ಥೆಯವರು ಇದಕ್ಕಾಗಿ ಸಿಫ್ಯಾಕ್ಸ್ ಎಂಬ ಔಷಧವನ್ನು ಸಿದ್ಧಪಡಿಸಿದರು; ಸುಣ್ಣದ ಉಪಚಾರವೂ ರೂಢಿಗೆ ಬಂದಿತು. ಬೂಷ್ಟಿನಿಂದಾದ ಹುಣ್ಣಿಗೆ ಬ್ಯಾಕ್ಟೀರಿಯದ ಔಷಧವನ್ನು ಸುರಿದರೆ ಹಣವೂ ಹೋಗುತ್ತದೆ, ಮೀನೂ ಹೋಗುತ್ತದೆ. ಮೀನಿನ ಹೇನಿನಿಂದ ಗಾಯವಾಗಿದ್ದರೆ ಅದರ ಉಪಚಾರವೇ ಬೇರೆ.

ಮೀನಿಗೂ ಲಸಿಕೆಯೆಂದರೆ ವಾಚಕರು ನಕ್ಕಾರು. ಆದರೆ 1969ರಲ್ಲಿ ಸ್ಥಾಪಿತವಾದ ಮಂಗಳೂರಿನ ಮೀನುಗಾರಿಕೆಯ ಕಾಲೇಜಿನ ಸಂಶೋಧಕರು 1990ರ ದಶಕದಲ್ಲಿ ಈ ಕಾರ್ಯವನ್ನೇ ಕೈಕೊಂಡರು. ಕೆರೆಯ ಸಾವಿರಾರು ಮೀನುಗಳನ್ನು ಒಂದೊಂದಾಗಿ ಹಿಡಿದು ಸೂಜಿ ಚುಚ್ಚುವುದು ಆಗದ ಮಾತು. ಲಸಿಕೆಯನ್ನು ಆಹಾರದಲ್ಲಿ ಬೆರೆಸಿದರೆ ಅದು ಹೊಟ್ಟೆಯಲ್ಲಿಯೇ ಜೀರ್ಣವಾಗಿಬಿಡುತ್ತದೆ. ಅವರು ಏರೋಮೋನಾಸ್ ಎಂಬ ರೋಗಾಣುವನ್ನು ಕೈಟಿನ್ನಿನ ಚೂರುಗಳ ಮೇಲೆ ಲೋಳೆಯ ಪದರವಾಗಿ ಬೆಳೆಸಿ, ಕೊಂದು, ಆಹಾರದೊಡನೆ ತಿನ್ನಿಸಿದರು. ಆ ಲೋಳೆಯೇ ಕವಚವಾಗಿ ಲಸಿಕೆಯನ್ನು ಕರುಳಿನವರೆಗೆ ಕಾಪಾಡಿತು. ಕನ್ನಡ ನಾಡಿನಲ್ಲಿಯೇ ನಡೆದ ಈ ಕಾರ್ಯವು ಕೃಷ್ಣೆಯ ದಡದ ಮೀನುಗಾರನ ಕಿವಿಗೆ ಮುಟ್ಟಬೇಡವೇ?

ಇನ್ನು ಕೀಲುಗಳ ಸಂಗತಿ. ಮಾಧವಕರನು ಸಾವಿರ ವರುಷಗಳಿಗೂ ಹಿಂದೆ ರೋಗಗಳನ್ನು ಗುರುತಿಸುವುದಕ್ಕೆಂದೇ ಒಂದು ಗ್ರಂಥವನ್ನು ರಚಿಸಿ, ಅದರಲ್ಲಿ ಆಮವಾತಕ್ಕೆ ಪ್ರತ್ಯೇಕ ಅಧ್ಯಾಯವನ್ನು ಮೀಸಲಿಟ್ಟನು. ನಾವಾದರೋ ಎಲ್ಲ ನೋವಿಗೂ 'ವಾಯು' ಎಂದು ಒಂದೇ ಹೆಸರಿಟ್ಟು ಸುಮ್ಮನಾಗಿದ್ದೇವೆ. 1940ರಲ್ಲಿ ನಾರ್ವೆಯ ವಾಲರ್ ಎಂಬಾತನು ರುಮಟಾಯ್ಡ್ ಸಂಧಿವಾತದ ರೋಗಿಗಳ ರಕ್ತದಲ್ಲಿ ವಿಶೇಷ ದ್ರವ್ಯವೊಂದಿರುವುದನ್ನು ಕಂಡನು. 1948ರಲ್ಲಿ ಅಮೇರಿಕೆಯ ರೋಜ್ ಅದನ್ನೇ ಮತ್ತೆ ಕಂಡನು. ಆದರೆ ಆ ದ್ರವ್ಯವು ಕೆಲವು ಆರೋಗ್ಯವಂತ ಮುದುಕರಲ್ಲಿಯೂ, ಕ್ಷಯ, ಕುಷ್ಠ ಮುಂತಾದ ರೋಗಗಳಲ್ಲಿಯೂ ಇರುತ್ತದೆ. ಈಚೆಗೆ ಬಂದ ಸಿ.ಸಿ.ಪಿ. ಪರೀಕ್ಷೆಯು ಇದಕ್ಕಿಂತ ಖಚಿತವಾದುದು. ಮಕ್ಕಳ ಗಂಟಲುನೋವಿನ ಬೆನ್ನಿಗೆ ಬಂದು ಹೃದಯದ ಕವಾಟಗಳನ್ನು ಕೆಡಿಸುವ ರುಮ್ಯಾಟಿಕ್ ಜ್ವರವೇ ಬೇರೆ. ಅದಕ್ಕಾಗಿ ಇರುವ ಎ.ಎಸ್.ಓ. ರಕ್ತಪರೀಕ್ಷೆಯನ್ನು ಕೀಲುನೋವಿನ ಪ್ರತಿಯೊಬ್ಬ ಪ್ರೌಢನಿಗೂ ಮಾಡಿಸಿ ಪೆನಿಸಿಲಿನ್ ಚುಚ್ಚುವ ರೂಢಿಯನ್ನು ನಾವು ಒಪ್ಪಲಾರೆವು. 2006ರಲ್ಲಿ ಕರ್ನಾಟಕದಲ್ಲಿ 7 ಲಕ್ಷಕ್ಕೂ ಮಿಕ್ಕಿ ಜನರಿಗೆ ಚಿಕುನ್‌ಗುನ್ಯಾ ತಗಲಿತೆಂದು ಶಂಕಿಸಲಾಗಿತ್ತು. ಆ ಜ್ವರ ಇಳಿದ ಮೇಲೂ ಕೀಲುನೋವು ತಿಂಗಳುಗಟ್ಟಲೆ ಉಳಿಯುವುದುಂಟು.

ನಮ್ಮ ಜಿಲ್ಲೆಗೆ ವಿಶೇಷವಾದ ಇನ್ನೊಂದು ಕಾರಣವಿದೆ. ಅಂತರ್ಜಲದಲ್ಲಿ ಫ್ಲೋರೈಡಿನ ಅಂಶ ಮಿತಿಮೀರಿರುವ ಕರ್ನಾಟಕದ ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡು ಇರುವ ನೀರನ್ನು ವರುಷಾನುವರುಷ ಕುಡಿದವರ ಬೆನ್ನು ಬಿಗಿಯುತ್ತದೆ, ಸಂಧುಗಳು ಸೆಟೆಯುತ್ತವೆ, ಮೇಲ್ನೋಟಕ್ಕೆ ಅದು ಸಂಧಿವಾತದಂತೆಯೇ ಕಾಣುತ್ತದೆ. 1937ರಲ್ಲಿಯೇ ನೆಲ್ಲೂರ ಸೀಮೆಯಲ್ಲಿ ವೈದ್ಯರು ಇದನ್ನು ಗುರುತಿಸಿ ಬರೆದಿದ್ದರು. ಮುಂಗೈಯ ಕ್ಷಕಿರಣಚಿತ್ರ, ಮೂತ್ರದ ಪರೀಕ್ಷೆ, ಕುಡಿಯುವ ನೀರಿನ ಪರೀಕ್ಷೆ ಇವು ಮೂರರಿಂದ ಸಂಗತಿ ಬಯಲಾಗುತ್ತದೆ. ಇಂಥವನಿಗೆ ನೋವಿನ ಗುಳಿಗೆಯಿಂದ ಏನಾದೀತು? ಅವನಿಗೆ ಬೇಕಾದುದು ಬೇರೆ ನೀರು. ಅದಕ್ಕೆ ಪ್ರತಿಯಾಗಿ ರುಮಟಾಯ್ಡ್ ರೋಗಿಗೆ ಮೊದಲ ವರುಷಗಳಲ್ಲಿಯೇ ಮೆಥೊಟ್ರೆಕ್ಸೇಟಿನಂತಹ ಔಷಧ ಸಿಕ್ಕದಿದ್ದರೆ ಬೆರಳುಗಳು ಸೊಟ್ಟಗಾಗಿ ಮಗ್ಗ ನಿಲ್ಲುತ್ತದೆ.

ಆತುರದ ನಿದಾನವು ಎಷ್ಟು ದೂರ ಒಯ್ಯಬಲ್ಲುದೆಂಬುದಕ್ಕೆ ಸಾಗರ ತಾಲೂಕಿನ ಹಂದಿಗೋಡಿನ ಕಥೆ ಸಾಕು. 1970ರ ದಶಕದಲ್ಲಿ ಅಲ್ಲಿನ ಬಡವರ ಸಂಧುಗಳು ಕೆಟ್ಟಾಗ, ಕೀಟನಾಶಕ ಬಿದ್ದ ಗದ್ದೆಯ ಏಡಿಗಳನ್ನು ತಿಂದುದೇ ಕಾರಣವೆಂದು ಶಂಕಿಸಿದರು. ಅದು ವಂಶಾನುಗತವಾದ ಎಲುಬಿನ ರೋಗವೆಂಬುದು ಅನಂತರದ ಸಂಶೋಧನೆಯಿಂದ ತಿಳಿದುಬಂದಿತು.

ಬಾಗಲಕೋಟೆಯಲ್ಲಿ 2002ರಿಂದ ವೈದ್ಯಕೀಯ ಕಾಲೇಜಿದೆ. ಫ್ಲೋರೋಸಿಸ್ ತಡೆಯುವ ರಾಷ್ಟ್ರೀಯ ಯೋಜನೆಯು 2008-09ರಲ್ಲಿ ಆರಂಭವಾಯಿತು. ಹುನಗುಂದ, ಇಳಕಲ್ಲ, ಬಾದಾಮಿಗಳ ಆಸ್ಪತ್ರೆಗಳಿಗೆ ಕೀಲುನೋವೆಂದು ಬಂದವನನ್ನು ಯಾವ ಬಾವಿಯ ನೀರು ಕುಡಿಯುತ್ತಿಯೆಂದು ಕೇಳಿ ಆ ನೀರನ್ನು ಪರೀಕ್ಷಿಸಬೇಕೆಂದು ಅಧಿಕಾರಿಗಳಲ್ಲಿ ನಾವು ಆಗ್ರಹಪಡಿಸುತ್ತೇವೆ. ಮೀನುಗಾರಿಕೆಯ ಇಲಾಖೆಯವರು ರೋಗದ ಮೀನನ್ನೂ ಕೆರೆಯ ನೀರನ್ನೂ ಊರಿನಲ್ಲಿಯೇ ಸಂಗ್ರಹಿಸಿ ಪ್ರಯೋಗಶಾಲೆಗೆ ಕಳಿಸುವ ಏರ್ಪಾಡನ್ನು ಮಾಡಬೇಕು. ಅದೂ ಚಳಿ ಬಿದ್ದು ನೀರು ತಣ್ಣಗಾಗುವ ಮೊದಲೇ ಆಗಬೇಕು. ಹುಣ್ಣಿನ ರೋಗವು ಹೆಚ್ಚಾಗಿ ತಲೆಯೆತ್ತುವುದು ಆ ತಿಂಗಳುಗಳಲ್ಲಿಯೇ.