ಖೊಟ್ಟಿ ನಾಣ್ಯವನ್ನು ಗುರುತಿಸುವ ಬಗೆ

ನಮ್ಮ ಸಲಗರೆ, ಮಿರಜ, ಸಾಂಗಲಿ ಭಾಗದ ಅನೇಕ ಮನೆಗಳಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಹಳೆಯ ಬೆಳ್ಳಿಯ ರೂಪಾಯಿಗಳನ್ನಿಡುವ ಪದ್ಧತಿ ಇಂದಿಗೂ ಉಂಟು. ಹಿರಿಯರು ಇವನ್ನು ಕಲದಾರ ರೂಪಾಯಿ, ರಾಣೀಛಾಪಿನ ರೂಪಾಯಿ ಎಂದು ಕರೆಯುತ್ತಿದ್ದರು. ಅಣ್ಣತಮ್ಮಂದಿರು ಬೇರೆಯಾದಾಗ ಹಂಚಿಹೋದ, ಕಷ್ಟಕಾಲದಲ್ಲಿ ಸರಾಫರ ಮೂಸೆಗೆ ಬಿದ್ದ ಆ ನಾಣ್ಯಗಳನ್ನು ಇಂದಿನ ತಲೆಮಾರಿನವರು ಮೊಬೈಲಿನಲ್ಲಿ ನೋಡಿ ಮತ್ತೆ ಕೊಳ್ಳಲು ಬಯಸುತ್ತಿರುವುದು ಸಂತೋಷದ ಸಂಗತಿ. ಆದರೆ ಅಲ್ಲಿ ಮಾರಾಟಕ್ಕಿರುವುದರಲ್ಲಿ ಖೊಟ್ಟಿ ಮಾಲೂ ಬಹಳ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಈ ವಿಷಯವನ್ನು ಬರೆಯಲು ಕಾರಣವೊಂದಿದೆ. ಹಳೆಯ ವಿದ್ಯಾರ್ಥಿಯೊಬ್ಬರು ಶಾಲೆಯ ಮಕ್ಕಳ ಇತಿಹಾಸ ಪಾಠಕ್ಕೆ ಉಪಯೋಗವಾಗಲೆಂದು ಐದು ನಾಣ್ಯಗಳನ್ನು ತರಿಸಿ ನನಗೆ ತೋರಿಸಿದರು. ಸರಾಫರ ತಕ್ಕಡಿಯಲ್ಲಿ ತೂಗಿಸಿದಾಗ ನಿಜವಾದದ್ದು ಒಂದೇ ಎಂದು ತಿಳಿಯಿತು. ಹೋದ ಹಣಕ್ಕಿಂತ ದೊಡ್ಡ ಹಾನಿ ಬೇರೆಯದು. ಖೊಟ್ಟಿ ನಾಣ್ಯ ಶಾಲೆಯ ಕಪಾಟನ್ನು ಸೇರಿದರೆ ಮಕ್ಕಳು ಸುಳ್ಳನ್ನೇ ಇತಿಹಾಸವೆಂದು ಕಲಿಯುತ್ತಾರೆ.

ಮೊದಲನೆಯದಾಗಿ, ಎಂದೂ ಇಲ್ಲದಿದ್ದ ನಾಣ್ಯಗಳು. ಒಂದು ಬದಿಗೆ ರಾಮ, ಸೀತೆ, ಹನುಮಂತ, ಇನ್ನೊಂದು ಬದಿಗೆ 'ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, ೧೮೧೮' ಎಂದಿರುವ ತಾಮ್ರದ ಬಿಲ್ಲೆಗಳು ಎಲ್ಲೆಡೆ ಮಾರಾಟಕ್ಕಿವೆ. ಇಂಥ ಆಣೆಯನ್ನು ಕಂಪನಿ ಸರಕಾರ ಎಂದೂ ಹೊರಡಿಸಲಿಲ್ಲ. ಇವು ಭಕ್ತರಿಗಾಗಿ ಮಾಡಿದ ಬಿಲ್ಲೆಗಳು. ದೇವರ ಮನೆಯಲ್ಲಿಡಲು ಅಡ್ಡಿಯಿಲ್ಲ, ನಾಣ್ಯವೆಂದು ಬೆಲೆ ಕೊಡಬಾರದು.

ಎರಡನೆಯದಾಗಿ, ನಿಜವಾದ ನಾಣ್ಯದ ನಕಲುಗಳು. ೧೮೩೫ರ ಕಾಯ್ದೆಯಂತೆ ಕಂಪನಿಯ ರೂಪಾಯಿಯ ತೂಕ ೧೮೦ ಗ್ರೇನ್, ಅಂದರೆ ೧೧.೬೬ ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಇದೇ ಪ್ರಮಾಣ ೧೯೩೯ರವರೆಗೆ ನಡೆದು, ೧೯೪೦ರಿಂದ ಬೆಳ್ಳಿ ಅರ್ಧಕ್ಕಿಳಿಯಿತು. ಸವೆದ ನಾಣ್ಯದಲ್ಲಿ ತೂಕ ತುಸು ಕಡಿಮೆಯಾಗಬಹುದು. ಒಂದೆರಡು ಗ್ರಾಂ ಕಡಿಮೆಯಿದ್ದರೆ ಸಂಶಯಪಡಬೇಕು. ಅಯಸ್ಕಾಂತಕ್ಕೆ ಬೆಳ್ಳಿ ಅಂಟದು; ಅಂಟಿದರೆ ಅದು ನಕಲು. ಆದರೆ ಹುಲಿಯ ಚಿತ್ರದ ೧೯೪೭ರ ರೂಪಾಯಿ ನಿಕ್ಕಲಿನದಾದ್ದರಿಂದ ಅಂಟುವುದು ಸಹಜ. ಹಿತ್ತಾಳೆಯೂ ಅಂಟುವುದಿಲ್ಲವಾದ್ದರಿಂದ ಈ ಪರೀಕ್ಷೆಯೊಂದೇ ಸಾಲದು.

ಆಗ ಶಾಲೆಯಲ್ಲಿ ಓದಿದ ಆರ್ಕಿಮಿಡೀಸನನ್ನು ನೆನೆಯಬೇಕು. ಸೂಕ್ಷ್ಮ ತಕ್ಕಡಿಯ ಮೇಲೆ ನೀರಿನ ಲೋಟವನ್ನಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿರಿ. ನಾಣ್ಯವನ್ನು ದಾರದಿಂದ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತೋರುವ ಅಂಕಿ ನಾಣ್ಯವು ಸರಿಸಿದ ನೀರಿನ ತೂಕ. ೧೧.೬೬ ಗ್ರಾಂ ತೂಕದ ಒಳ್ಳೆಯ ರೂಪಾಯಿಗೆ ಅದು ಸುಮಾರು ೧.೧೩ ಗ್ರಾಂ. ಅಷ್ಟೇ ತೂಕದ ಹಿತ್ತಾಳೆಯ ನಕಲಿಗೆ ಸುಮಾರು ೧.೩೭ ಬರುತ್ತದೆ. ನಾಣ್ಯಕ್ಕೆ ಗೀರು ಬೀಳದೆ ಸತ್ಯ ಹೊರಬೀಳುತ್ತದೆ. ೧೯೪೦ರ ನಂತರದ ರೂಪಾಯಿಗಳಿಗೆ ಮಾತ್ರ ಈ ಲೆಕ್ಕ ಹೊಂದದು.

ಕಣ್ಣಿನ ಪರೀಕ್ಷೆಯೂ ಅವಶ್ಯ. ಅಚ್ಚೊತ್ತಿದ ನಾಣ್ಯದ ಅಕ್ಷರಗಳ ಅಂಚು ಚೂಪಾಗಿರುತ್ತದೆ. ಎರಕ ಹೊಯ್ದ ನಕಲಿನಲ್ಲಿ ಅಕ್ಷರಗಳು ಮೊಂಡಾಗಿ, ಮೇಲ್ಮೈಯಲ್ಲಿ ಸಣ್ಣ ಗುಳಿಗಳಿದ್ದು, ಅಂಚಿನ ಸುತ್ತ ಬೆಸುಗೆಯ ಗೆರೆ ಕಾಣಬಹುದು. ಆರನೆಯ ಜಾರ್ಜನ ೧೯೩೯ರ ರೂಪಾಯಿ ದುರ್ಲಭ, ೧೯೩೮ರದು ಸುಲಭ. ಆದ್ದರಿಂದ ಕೊನೆಯ ಅಂಕಿಯನ್ನು ತಿದ್ದಿರುವರೇ ಎಂದು ಭೂತಗನ್ನಡಿಯಲ್ಲಿ ನೋಡಬೇಕು.

ನಮ್ಮ ಪ್ರದೇಶದ ಪುರಾತನ ನಾಣ್ಯಗಳ ಪರೀಕ್ಷೆ ಬೇರೆ. ಮಿರಜದ ಟಂಕಸಾಲೆಯ ಮರಾಠಾ ರೂಪಾಯಿ, 'ಶ್ರೀ ರಾಜಾ ಶಿವ' ಮತ್ತು 'ಛತ್ರಪತಿ' ಎಂದಿರುವ ತಾಮ್ರದ ಶಿವರಾಯಿ, ಬಿಜಾಪುರದ ಆದಿಲಶಾಹಿಯ ಮಡಿಚಿದ ಬೆಳ್ಳಿತಂತಿಯ ಲಾರಿ, ಇವೆಲ್ಲ ಕೈಯಿಂದ ಸುತ್ತಿಗೆ ಹೊಡೆದು ಮಾಡಿದವು. ಆದ್ದರಿಂದ ಒಂದರಂತೆ ಇನ್ನೊಂದಿಲ್ಲ. ಒಂದೇ ಜಾಗದಲ್ಲಿ ಒಂದೇ ಬಗೆಯ ಸೀಳು, ಒಂದೇ ಬಗೆಯ ಸವೆತವಿರುವ ಎರಡು ನಾಣ್ಯಗಳು ಕಂಡರೆ ಅವು ಒಂದೇ ಎರಕದ ಮಕ್ಕಳೆಂದು ತಿಳಿಯಿರಿ. ಶಿವಾಜಿ ಮಹಾರಾಜರ ಚಿನ್ನದ ಹೊನ್ನು ಅತ್ಯಂತ ವಿರಳ. ಅದು ಕೆಲವು ಸಾವಿರಕ್ಕೆ ಮೊಬೈಲಿನಲ್ಲಿ ಸಿಕ್ಕೀತೆಂದು ನಂಬುವುದು ಹೇಗೆ?

ಕೊಳ್ಳುವ ಮೊದಲು ಎರಡೂ ಬದಿಯ ಹಾಗೂ ಅಂಚಿನ ಚಿತ್ರ, ತೂಕ ಮತ್ತು ವ್ಯಾಸವನ್ನು ಕೇಳಿ ಪಡೆಯಿರಿ. ಅದೇ ಚಿತ್ರ ಬೇರೆ ಮಾರಾಟಗಾರರಲ್ಲಿಯೂ ಇದೆಯೇ ನೋಡಿರಿ. ನಕಲಾದರೆ ಹಣ ಮರಳಿಸುವುದಾಗಿ ಬರಹದಲ್ಲಿ ಒಪ್ಪದವರೊಡನೆ ವ್ಯವಹಾರ ಬೇಡ.

ಮಾರುವವರಿಗೂ ಬಲೆಯುಂಟು. ೨೦೧೨ರಲ್ಲಿ ಹೊರಬಂದ ವೈಷ್ಣೋದೇವಿಯ ಚಿತ್ರದ ಐದು, ಹತ್ತು ರೂಪಾಯಿಗಳಿಗೆ ಲಕ್ಷಗಟ್ಟಲೆ ಬೆಲೆಯೆಂದು ನಂಬಿಸಿ, ಮೊದಲು ಕಮಿಶನ್ ಮತ್ತು ತೆರಿಗೆ ಕಟ್ಟಿರೆಂದು ಕೇಳುವವರಿದ್ದಾರೆ. ರಿಜರ್ವ್ ಬ್ಯಾಂಕು ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲವೆಂದು ೨೦೨೧ರ ಆಗಸ್ಟಿನಲ್ಲಿಯೇ ಎಚ್ಚರಿಸಿದೆ. ಮೋಸಹೋದವರು ನಾಚಿಕೆಪಟ್ಟು ಸುಮ್ಮನಿರದೆ ತಡಮಾಡದೆ ೧೯೩೦ ಸಂಖ್ಯೆಗೆ ದೂರು ಕೊಡಬೇಕು. ಹೊಲದಲ್ಲಿ ನಿಧಿ ಸಿಕ್ಕಿದೆ, ಗುಟ್ಟಾಗಿ ಕೊಳ್ಳಿರಿ ಎಂದು ಬರುವವರನ್ನು ಬಾಗಿಲಲ್ಲಿಯೇ ಕಳಿಸಿರಿ. ನಿಜವಾಗಿ ನಿಧಿ ಸಿಕ್ಕಿದ್ದರೆ ೧೮೭೮ರ ಕಾಯ್ದೆಯಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸಲೇಬೇಕು.

ಕೊನೆಯದಾಗಿ ಒಂದು ವಿನಂತಿ. ಮನೆಯಲ್ಲಿ ಅಜ್ಜಿಯ ಕಾಲದ ನಾಣ್ಯವಿದ್ದರೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿರಿ. ಹೊಳಪು ಬಂದಷ್ಟೂ ಬೆಲೆ ಇಳಿಯುತ್ತದೆ. ಅದು ಯಾರಿಂದ, ಯಾವಾಗ ಬಂತೆಂದು ಒಂದು ಚೀಟಿಯಲ್ಲಿ ಬರೆದಿಡಿರಿ. ಆ ಚೀಟಿಯಿದ್ದರೆ ಮುಂದೆ ನಿಮ್ಮ ಮೊಮ್ಮಕ್ಕಳಿಗೆ ನಾಣ್ಯದೊಡನೆ ಮನೆತನದ ಕಥೆಯೂ ಉಳಿಯುತ್ತದೆ.