ದೇಸಾಯರ ವಾಡೆ

ಧಾರವಾಡ, ಗದಗ, ಬೆಳಗಾವಿ ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳ ನಡುವೆ ಎತ್ತರವಾದ ಹಳೆಯ ಕಟ್ಟಡವೊಂದು ಕಣ್ಣಿಗೆ ಬೀಳುತ್ತದೆ. ಜನರು ಅದನ್ನು ‘ವಾಡೆ’ ಎಂದು ಕರೆಯುತ್ತಾರೆ. ವಾಡೆಯು ಅರಮನೆಯಲ್ಲ, ಅದರಲ್ಲಿ ವಾಸಿಸಿದವನು ಅರಸನಾಗಿರಲಿಲ್ಲ. ಅದು ಬರಿಯ ಮನೆಯೂ ಅಲ್ಲ. ಬಂದೂಕಿನ ಕಿಂಡಿಗಳುಳ್ಳ ಗೋಡೆ ಸಾಮಾನ್ಯ ಗೃಹಸ್ಥನಿಗೆ ಬೇಕಾಗುವುದಿಲ್ಲ. ಹಾಗಾದರೆ ಈ ವಾಡೆಗಳನ್ನು ಕಟ್ಟಿಸಿದವರು ಯಾರು? ಏಕೆ ಕಟ್ಟಿಸಿದರು?

ವಿಜಾಪುರದ ಆದಿಲಶಾಹಿ ಸುಲ್ತಾನರ ಕಾಲದಲ್ಲಿ ನಾಡನ್ನು ಪರಗಣೆಗಳಾಗಿ ವಿಂಗಡಿಸಿದ್ದರು. ಪರಗಣೆಯ ಕಂದಾಯವನ್ನು ಕೂಡಿಸಿ ಸರಕಾರಕ್ಕೆ ಸಲ್ಲಿಸುವ ಅಧಿಕಾರಿಯೇ ದೇಸಾಯಿ. ಲೆಕ್ಕ ಬರೆಯುವವನು ದೇಶಪಾಂಡೆ. ಈ ಅಧಿಕಾರವು ವಂಶಪಾರಂಪರ್ಯವಾಗಿ ಬರುತ್ತಿತ್ತು. ಅದರೊಡನೆ ಬರುವ ಭೂಮಿಗೂ ಹಕ್ಕುಗಳಿಗೂ ವತನವೆಂದು ಹೆಸರು. ೧೬೮೬ರಲ್ಲಿ ವಿಜಾಪುರವು ಔರಂಗಜೇಬನ ವಶವಾಯಿತು. ಅನಂತರ ಮೊಗಲರು, ಸವಣೂರಿನ ನವಾಬರು, ಮರಾಠರು, ಹೈದರ್ ಮತ್ತು ಟಿಪ್ಪು ಈ ಸೀಮೆಗಾಗಿ ಹೋರಾಡಿದರು. ಆಳುವವರು ಬದಲಾದರೂ ದೇಸಾಯಿಯು ಮಾತ್ರ ಇದ್ದಲ್ಲಿಯೇ ಉಳಿದನು. ಹೊಸ ಒಡೆಯನಿಗೂ ಕಂದಾಯ ಕೂಡಿಸಿಕೊಡುವವನು ಬೇಕಾಗಿದ್ದನಷ್ಟೆ!

ಆ ಕಾಲದಲ್ಲಿ ಸಂಪತ್ತು ಇದ್ದಲ್ಲಿ ಭಯವೂ ಇರುತ್ತಿತ್ತು. ೧೬೭೩ರಲ್ಲಿ ಶಿವಾಜಿಯ ಸೈನ್ಯವು ಹುಬ್ಬಳ್ಳಿಯ ಪೇಟೆಯನ್ನು ಸೂರೆಗೊಂಡಾಗ ಅಲ್ಲಿದ್ದ ಇಂಗ್ಲಿಷರ ವ್ಯಾಪಾರದ ಕೋಠಿಯೂ ಲೂಟಿಯಾಯಿತು. ದೊಡ್ಡ ಪೇಟೆಯ ಗತಿಯೇ ಹೀಗಾದರೆ, ಬಯಲುಸೀಮೆಯ ಹಳ್ಳಿಯನ್ನು ಕಾಯುವವರು ಯಾರು? ವಾಡೆಯು ಈ ಭಯದಿಂದ ಹುಟ್ಟಿದ ಕಟ್ಟಡ.

ವಾಡೆಯ ರಚನೆಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ತಳದಲ್ಲಿ ಕಲ್ಲು, ಮೇಲೆ ಮಣ್ಣು ಅಥವಾ ಇಟ್ಟಿಗೆ. ಗೋಡೆ ಬಹಳ ದಪ್ಪ. ಹೊರಮುಖಕ್ಕೆ ಕಿಟಕಿಗಳು ಇಲ್ಲವೆಂದೇ ಹೇಳಬೇಕು. ಹೆಬ್ಬಾಗಿಲಿನ ಕದಗಳಿಗೆ ಕಬ್ಬಿಣದ ಮೊಳೆ, ಪಟ್ಟಿಗಳನ್ನು ಬಡಿದಿರುತ್ತಾರೆ. ಆ ಕದದಲ್ಲಿಯೇ ಒಂದು ಚಿಕ್ಕ ದಿಡ್ಡಿ ಬಾಗಿಲು. ಒಳಬರುವವನು ತಲೆ ಬಾಗಿಸಿ, ಒಬ್ಬೊಬ್ಬನಾಗಿಯೇ ಬರಬೇಕು. ಒಳಗೆ ಆಕಾಶಕ್ಕೆ ತೆರೆದ ಚೌಕ, ಸುತ್ತಲೂ ಕಂಬದ ಪಡಸಾಲೆ, ಕಚೇರಿ, ದೇವರ ಮನೆ, ಕುದುರೆ ಲಾಯ. ಮುತ್ತಿಗೆಯ ದಿನಗಳಿಗೆಂದು ಆವರಣದೊಳಗೆ ಬಾವಿ. ಜೋಳವನ್ನು ತುಂಬಿಡಲು ನೆಲದೊಳಗೆ ತೋಡಿದ ಹಗೆವು. ಕೆಲವು ಊರುಗಳಲ್ಲಿ ಹತ್ತಿರವೇ ಎತ್ತರವಾದ ಹುಡೆಯಿರುತ್ತದೆ. ಅದರ ಮೇಲೆ ನಿಂತ ಕಾವಲುಗಾರನಿಗೆ ದೂರದ ಧೂಳು ಮೊದಲೇ ಕಾಣುತ್ತಿತ್ತು.

ಆದರೆ ಆ ಹಗೆವಿನ ಜೋಳ ಬಂದದ್ದೆಲ್ಲಿಂದ? ರೈತನ ಹೊಲದಿಂದ. ಆ ಗೋಡೆಯ ಮಣ್ಣನ್ನು ಹೊತ್ತವರು ಊರಿನ ದುಡಿಯುವ ಜನರೇ. ವಾಡೆಯ ಬಾಗಿಲು ಅಪಾಯದ ದಿನ ಆಸರೆಯಾಗಿತ್ತು. ಕಂದಾಯದ ದಿನ ಅದೇ ಬಾಗಿಲಿನ ಮುಂದೆ ರೈತನು ಕೈಕಟ್ಟಿ ನಿಲ್ಲುತ್ತಿದ್ದನು. ರಕ್ಷಣೆ ಮತ್ತು ದಬ್ಬಾಳಿಕೆ ಎರಡೂ ಒಂದೇ ಗೋಡೆಯ ಎರಡು ಮುಖಗಳಾಗಿದ್ದವು.

ಇದು ನಮ್ಮ ನಾಡಿನ ಕಥೆ ಮಾತ್ರವಲ್ಲ. ೧೩೩೭ರಿಂದ ೧೪೫೩ರವರೆಗೆ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡೆದ ಯುದ್ಧಗಳ ಕಾಲದಲ್ಲಿ ಫ್ರಾನ್ಸಿನ ಹಳ್ಳಿಗಳ ಜಮೀನುದಾರರೂ ತಮ್ಮ ಮನೆಗಳ ಸುತ್ತ ಕಂದಕ ತೋಡಿಸಿ, ಬುರುಜು ಕಟ್ಟಿಸಿದರು. ಅಲ್ಲಿಯೂ ರೈತನೇ ಅದರ ಭಾರವನ್ನು ಹೊತ್ತನು. ೧೭೮೯ರ ಕ್ರಾಂತಿಯಲ್ಲಿ ರೈತರು ಅನೇಕ ಕಡೆ ಅಂಥ ಮನೆಗಳಿಗೆ ನುಗ್ಗಿ, ತಮ್ಮ ಬಾಕಿಗಳನ್ನು ಬರೆದಿಟ್ಟ ಕಾಗದಪತ್ರಗಳನ್ನು ಸುಟ್ಟರು.

ನಮ್ಮಲ್ಲಿ ದೇಸಗತಿಗಳ ಬಲವನ್ನು ಮುರಿದದ್ದು ಇಂಗ್ಲಿಷರ ಆಳ್ವಿಕೆ. ಕೆಲವು ದೇಸಾಯರು ಕಾಲಕ್ರಮದಲ್ಲಿ ಕೋಟೆ ಕಟ್ಟಿ ಸಂಸ್ಥಾನಿಕರಂತೆ ಬೆಳೆದಿದ್ದರು. ಅವರಲ್ಲಿ ಕಿತ್ತೂರಿನವರು ಪ್ರಸಿದ್ಧರು. ೧೮೨೪ರಲ್ಲಿ ಕಿತ್ತೂರಿನ ದತ್ತಕವನ್ನು ಕಂಪನಿ ಸರಕಾರವು ಮನ್ನಿಸಲಿಲ್ಲ. ರಾಣಿ ಚೆನ್ನಮ್ಮನು ಎದುರಿಸಿ ನಿಂತಳು. ಅಕ್ಟೋಬರ್ ೨೩ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆಯು ಕೋಟೆಯ ಮುಂದೆ ಹತನಾದನು. ಆದರೆ ಡಿಸೆಂಬರ್ ತಿಂಗಳಲ್ಲಿ ಕೋಟೆಯು ಕಂಪನಿಯ ವಶವಾಯಿತು. ಅರಮನೆಯ ಪಾಳುಗೋಡೆಗಳನ್ನು ಇಂದಿಗೂ ಅಲ್ಲಿ ಕಾಣಬಹುದು. ಫಿರಂಗಿಯ ಮುಂದೆ ಕೋಟೆಯೇ ನಿಲ್ಲದಿರುವಾಗ ವಾಡೆಯ ಗೋಡೆ ನಿಂತೀತೆ? ಮುಂದೆ ವಾಡೆಗಳು ಕೇವಲ ದೊಡ್ಡ ಮನೆಗಳಾಗಿ ಉಳಿದವು. ಸ್ವಾತಂತ್ರ್ಯಾನಂತರ, ೧೯೫೦ರಲ್ಲಿ ಮುಂಬಯಿ ಸರಕಾರವು ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ಕಾನೂನಿನ ಮೂಲಕ ರದ್ದುಪಡಿಸಿತು. ಫ್ರಾನ್ಸಿನಲ್ಲಿ ಬೆಂಕಿ ಮಾಡಿದ ಕೆಲಸವನ್ನು ಇಲ್ಲಿ ಶಾಸನವು ಮಾಡಿತು.

ಆದರೆ ಅದಕ್ಕೂ ಮೊದಲೇ ಒಂದು ವಾಡೆಯ ಬಾಗಿಲು ಒಳಗಿನಿಂದ ತಾನಾಗಿಯೇ ತೆರೆದಿತ್ತು. ಸವದತ್ತಿ ತಾಲೂಕಿನ ಶಿರಸಂಗಿಯ ದೇಸಗತಿಗೆ ದತ್ತಕನಾಗಿ ಬಂದ ಲಿಂಗರಾಜ ದೇಸಾಯಿಯವರು ೧೮೬೧ರಲ್ಲಿ ಜನಿಸಿದವರು. ಪೂರ್ವಜರು ಶೇಖರಿಸಿದ್ದನ್ನು ಗೋಡೆಯೊಳಗೆ ಕಾಯುವುದಕ್ಕಿಂತ ಮಕ್ಕಳ ವಿದ್ಯೆಗೆ ಕೊಡುವುದೇ ಮೇಲೆಂದು ಅವರು ಬಗೆದರು. ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ವಿದ್ಯಾರ್ಥಿಗಳ ಶಿಕ್ಷಣಕ್ಕಾಗಿ ಮೀಸಲಿರಿಸಿ, ೧೯೦೬ರಲ್ಲಿ ತೀರಿಕೊಂಡರು. ಆ ನಿಧಿಯ ನೆರವಿನಿಂದ ಎಷ್ಟೋ ಬಡ ವಿದ್ಯಾರ್ಥಿಗಳು ಓದಿ ಮುಂದೆ ಬಂದರು. ೧೯೩೩ರಲ್ಲಿ ಸ್ಥಾಪಿತವಾದ ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನು ಉಳಿಸಿದೆ.

ಇಂದು ಎಷ್ಟೋ ವಾಡೆಗಳ ಮೇಲೆ ಹುಲ್ಲು ಬೆಳೆದಿದೆ. ಮಳೆಗಾಲ ಬಂದಂತೆಲ್ಲ ಒಂದಿಷ್ಟು ಗೋಡೆ ಕುಸಿಯುತ್ತದೆ. ಅವುಗಳ ಕಲ್ಲನ್ನು ಹೊತ್ತೊಯ್ಯುವ ಮೊದಲು ನಾವು ಕ್ಷಣಕಾಲ ಯೋಚಿಸಬೇಕು. ಅರಸರ ಚರಿತ್ರೆಯನ್ನು ಶಾಸನಗಳು ಹೇಳುತ್ತವೆ. ಹಳ್ಳಿಯ ಭಯ, ದುಡಿಮೆ, ನೆಮ್ಮದಿಗಳ ಚರಿತ್ರೆಯನ್ನು ಹೇಳಲು ಈ ಮಣ್ಣಿನ ಗೋಡೆಗಳೇ ಉಳಿದಿವೆ. ದಪ್ಪ ಗೋಡೆಯೊಳಗೆ ಕಾಯ್ದಿಟ್ಟದ್ದು ಒಂದಲ್ಲ ಒಂದು ದಿನ ಕರಗಿತು. ಬಾಗಿಲು ತೆರೆದು ಕೊಟ್ಟದ್ದು ಬೆಳೆಯಿತು. ವಾಡೆಯ ಚರಿತ್ರೆಯಿಂದ ನಾವು ಅರಿಯಬೇಕಾದ ಮಾತು ಇದೇ.